ಕಾಯದವನು

ಕೆಂಪು, ಕೆಂಪು, ಮತ್ತೂ ಕೆಂಪು, ಗೋಡೆಗೆ ತಗುಲಿಸಿದ ದೊಡ್ಡ ಪರದೆಯ ಮೇಲೆ ಒಂದರ ಕೆಳಗೊಂದು ಮಲಗಿರುವ ಕೆಂಪು ಪಟ್ಟಿಗಳು, ಅವುಗಳ ಮೇಲೆ ಒಂದು ನೊಣ ನಡೆಯುತ್ತಿದೆ, ಅದರ ಹಿಂದೆಯೇ ಡಾಕ್ಟರ್ ಶಾದಿಯ ಬೆರಳು — ನೊಣಕ್ಕಾದರೂ ತಾನೆಲ್ಲಿಗೆ ಹೊರಟಿದ್ದೇನೆಂದು ಗೊತ್ತಿರಬಹುದು, ಈ ಮನುಷ್ಯನಿಗೆ ಅಷ್ಟೂ ಗೊತ್ತಿಲ್ಲ, ಎಂದುಕೊಂಡು ನಿಹಾದ್ ಕುರ್ಚಿಯಲ್ಲಿ ಇನ್ನಷ್ಟು ಹಿಂದಕ್ಕೆ ಒರಗಿದ, ಡಾಕ್ಟರ್ ಅಂತೆ ಡಾಕ್ಟರ್, ಬೈರೂತಿನಿಂದ ವಿಮಾನದಲ್ಲಿ ಬಂದಿಳಿದ ಕಂಪ್ಯೂಟರಿನ ಡಾಕ್ಟರ್, ಕಾಯಿಲೆ ಏನೆಂದರೆ ಕೆಂಪು ಎನ್ನುತ್ತಾನೆ, ಮದ್ದು ಏನೆಂದರೆ ಹಸಿರು ಎನ್ನುತ್ತಾನೆ, ಇಷ್ಟು ಹೇಳುವುದಕ್ಕೆ ಕರ್ರಾದಾ ವೃತ್ತದ ಟ್ರಾಫಿಕ್ ಪೊಲೀಸನೇ ಸಾಕಾಗಿದ್ದ — ನೋಡಿ ಉಸ್ತಾದ್ ವಿಸಾಮ್, ಇವೆಲ್ಲಾ ಸುಮ್ನೆ ಕಾಯ್ತಾ ಕೂತಿವೆ, ಒಂದೂ ಕೆಲಸ ಮಾಡ್ತಿಲ್ಲ, ತೊಂದ್ರೆ ಇರೋದೇ ಇವುಗಳಲ್ಲಿ, ಎನ್ನುತ್ತಿದ್ದಾನೆ ಶಾದಿ, ವಿಸಾಮ್ ಗೋಣು ಆಡಿಸುತ್ತಿದ್ದಾನೆ, ಮ್ಯಾನೇಜರ್ ಆಗುವುದಕ್ಕೆ ಆ ಗೋಣೊಂದೇ ಸಾಕಾಯಿತು ಅವನಿಗೆ, ಎಡಕ್ಕೆ ತಿರುಗಿಸಿದರೆ ಎಡಕ್ಕೆ, ಬಲಕ್ಕೆ ತಿರುಗಿಸಿದರೆ ಬಲಕ್ಕೆ, ಎಣ್ಣೆ ಹಾಕಿಟ್ಟ ಬಾಗಿಲಿನ ಹಾಗೆ ಸದ್ದೇ ಇಲ್ಲ. ಬೆಳಿಗ್ಗೆಯಿಂದ ಓಡುತ್ತಿದೆ ಆ ಪ್ರಶ್ನೆ, ಮುದುಕರ ಔಷಧದ ಪ್ರಶ್ನೆ, ಊರಿನಲ್ಲಿರುವ ವಯಸ್ಸಾದವರಲ್ಲಿ ಯಾರಿಗೆ ಯಾವ ಮಾತ್ರೆ, ಯಾವ ಬಡಾವಣೆಯ ದವಾಖಾನೆಯಲ್ಲಿ, ಡೇಟಾಬೇಸನ್ನು ಕೇಳಿದ್ದು ಇಷ್ಟೇ, ಹೋದ ತಿಂಗಳವರೆಗೆ ಒಂದು ಲೋಟ ಚಹಾ ಕುಡಿದು ಮುಗಿಸುವುದರೊಳಗೆ ಉತ್ತರ ಬರುತ್ತಿತ್ತು, ಇವತ್ತು ಚಹಾದ ಮೇಲೆ ಚಹಾ ಕುಡಿದು ಹೊಟ್ಟೆ ಉಬ್ಬಿದೆ, ಉತ್ತರವಿಲ್ಲ, ದವಾಖಾನೆಗಳಿಂದ ಫೋನಿನ ಮೇಲೆ ಫೋನು, ಮುದುಕರು ಬೆಂಚಿನ ಮೇಲೆ ಕೂತಿದ್ದಾರಂತೆ. ಕೂತಿರಲಿ. ಕಾರಣ ಏನೆಂದು ನಿಹಾದನಿಗೆ ಗೊತ್ತು. ಬೆಳಿಗ್ಗೆ ಬಂದು ಪರದೆಯ ಮುಂದೆ ನಿಂತ ಕೂಡಲೇ ಗೊತ್ತಾಯಿತು, ಅದಕ್ಕೇ ಅವನು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದಾನೆ.

ಜೇಬಿನಲ್ಲಿ ಫೋನು ನಡುಗಿತು, ತಮ್ಮ ಮಾಹಿರ್ — ಅಣ್ಣ ಎಲ್ಲಿದೀಯಾ, ಬಂದ್ಬಿಟ್ರು ಅವರೆಲ್ಲಾ, ಹಾಜಿ ಷನ್ಶಲ್ ಅವರೇ ಮುಂದೆ ನಿಂತು ಕರ್ಕೊಂಡ್ ಬಂದಿದಾರೆ, ಕುರ್ಚಿ ಸಾಲ್ದೆ ಪಕ್ಕದ ಮನೆಯಿಂದ ತರಿಸಿದೀನಿ, ನೀನ್ ಹೊರಟ್ಯಾ ಇಲ್ವಾ — ಹೊರಟೆ, ದಾರೀಲಿದೀನಿ, ಜಾದಿರಿಯಾ ಸೇತುವೆ ಮೇಲೆ ಗಾಡಿಗಳು ಅಲ್ಲಾಡ್ತಿಲ್ಲ, ಎಂದ ನಿಹಾದ್ ಕುರ್ಚಿಯಿಂದ ಅಲ್ಲಾಡದೆ, ಈ ಊರಿನಲ್ಲಿ ಸೇತುವೆಗಳಿರುವುದೇ ಇದಕ್ಕೆ, ಯಾರೂ ಎದುರು ಪ್ರಶ್ನೆ ಕೇಳುವುದಿಲ್ಲ. ಇವತ್ತು ತಂಗಿ ಹಿಯಾಮಳ ಮಶ್ಯಾ, ಗಂಡಿನ ಕಡೆಯ ಗಂಡಸರು ಹಿರಿಯರೊಬ್ಬರನ್ನು ಮುಂದಿಟ್ಟುಕೊಂಡು ಸಾಲಾಗಿ ಬಂದು ಹೆಣ್ಣು ಕೇಳುವ ದಿನ, ಅಪ್ಪ ಇಲ್ಲ, ಚಿಕ್ಕಪ್ಪಂದಿರೂ ಇಲ್ಲ, ಕೊಟ್ಟೆವು ಎಂಬ ಮಾತು ದೊಡ್ಡ ಅಣ್ಣನ ಬಾಯಿಂದಲೇ ಬರಬೇಕು, ಕೊಡುವುದೆಂದು ಆಗಿದೆ, ಅವಳೂ ಒಪ್ಪಿದ್ದಾಳೆ, ಮೂವತ್ತೊಂಬತ್ತಕ್ಕೆ ಬಂದವಳು ಒಪ್ಪದೆ ಇನ್ನೇನು ಮಾಡುತ್ತಾಳೆ, ಆದರೂ ಯಾರಿಗೆ, ಆ ಫಾಲಿಹ್‌ಗೆ, ಕರೆಂಟು ಹೋದರೆ ಬೀದಿಗೆ ದೀಪ ಕೊಡುವ ಜನರೇಟರ್‌ನವನಿಗೆ, ಹೆಂಡತಿ ಸತ್ತವನು, ಉಗುರಿನೊಳಗೆ ಡೀಸೆಲ್ಲಿನ ಕಪ್ಪು, ಮನೆ ಮನೆಗೆ ತಂತಿ ಎಳೆದು ಕಂಬದ ಮೇಲೆ ಕಾಗೆಯ ಗೂಡು ಮಾಡಿಟ್ಟವನು, ನಾಳೆಯಿಂದ ಅವನು ನಿಹಾದನನ್ನು ನೋಡಿ ಬಾವಾ ಎನ್ನುತ್ತಾನೆ, ಇಂಥದಕ್ಕೆ ಓಡೋಡಿ ಹೋಗಬೇಕೇನು, ಹೆಣ್ಣಿನ ಕಡೆಯವರು ಬಾಗಿಲಲ್ಲಿ ಕಾದು ನಿಂತು ತಗೊಳ್ಳಿ ಎನ್ನುತ್ತಾರೇನು, ಸ್ವಲ್ಪ ಕೂತಿರಲಿ, ಹುಡುಗಿಯ ಬೆಲೆ ಗೊತ್ತಾಗಲಿ. ಅದೂ ಅಲ್ಲದೆ ಮುದೀರ್ ಸಾಹೇಬರು ಬರುತ್ತಿದ್ದಾರೆ, ಔಷಧ ಯೋಜನೆಯ ಮುಖ್ಯಸ್ಥರು, ಖುದ್ದಾಗಿ, ಯಾಕೆ ತಡವೆಂದು ಕೇಳುವುದಕ್ಕೆ. ಅವರ ಮುಂದೆ ಶಾದಿಯ ಮುಖ ನೋಡದೆ ನಿಹಾದ್ ಏಳುವುದಿಲ್ಲ.

ಹಸಿರು ಇರುವುದು ಒಂದೇ ಒಂದು, ಕೆಂಪಿನ ರಾಶಿಯ ನಡುವೆ ತೆಳ್ಳಗೆ, ಅದರ ಕಡೆ ಯಾರ ಕಣ್ಣೂ ಹೋಗುವುದಿಲ್ಲ, ಅದು ಕೆಲಸ ಮಾಡುತ್ತಿದೆ ತಾನೇ, ಕೆಲಸ ಮಾಡುವವನನ್ನು ಯಾರು ಅನುಮಾನಿಸುತ್ತಾರೆ — ಅಪ್ಪನ ಖರ್ಜೂರದ ಮಂಡಿಯಲ್ಲೂ ಹೀಗೇ, ಹೊರುವ ಆಳುಗಳು ಎಂಟು, ವಿಂಗಡಿಸುವ ಆಳುಗಳು ಎಂಟು, ಮೇಸ್ತ್ರಿ ಒಬ್ಬ, ಈ ಹಣ್ಣು ಇವನ ಮುಂದೆ, ಆ ಹಣ್ಣು ಅವನ ಮುಂದೆ ಎಂದು ಹಂಚಿಕೊಟ್ಟಿರುತ್ತಿದ್ದರು, ದೊಡ್ಡ ಪ್ರಶ್ನೆಯನ್ನು ಡೇಟಾಬೇಸ್ ಒಡೆದು ಹಂಚುವುದೂ ಹಾಗೆಯೇ, ಒಬ್ಬನಿಂದಾಗದ್ದನ್ನು ಹದಿನಾರು ಜನ ಒಟ್ಟಿಗೆ ಮಾಡಲಿ ಎಂದು, ಆದರೆ ಒಂದು ವರ್ಷ ಝಹ್ದಿ ಜಾತಿಯ ಹಣ್ಣೇ ಸುರಿದುಬಿಟ್ಟಿತು, ಝಹ್ದಿಯನ್ನು ವಿಂಗಡಿಸುವವನು ಒಬ್ಬನೇ, ಅವನ ಮುಂದೆ ಗುಡ್ಡ, ಉಳಿದ ಏಳು ಜನ ಕೈ ಕಟ್ಟಿ ಕೂತರು, ಹೊರುವವರು ಇಳಿಸಲು ಜಾಗವಿಲ್ಲದೆ ಹೊರೆ ಹೊತ್ತೇ ನಿಂತರು, ಮೇಸ್ತ್ರಿ ಮುಗಿಯಿತೇ ಮುಗಿಯಿತೇ ಎಂದು ಬಾಗಿಲಲ್ಲಿ ಬಾಯಿ ಬಿಟ್ಟುಕೊಂಡು ನಿಂತ, ಅಪ್ಪ ಬಂದವರೇ ಕೂತವರನ್ನೆಲ್ಲಾ ಹಿಡಿದು ಬೈದರು, ಸೋಮಾರಿಗಳಾ, ಅನ್ನ ದಂಡಕ್ಕೆ ಹುಟ್ಟಿದವರಾ, ಬೆನ್ನು ಬಗ್ಗಿಸಿ ಬೆವರು ಸುರಿಸುತ್ತಿದ್ದ ಆ ಒಬ್ಬನಿಗೆ ಮಾತ್ರ ಶಹಬ್ಬಾಸ್ ಎಂದರು, ನಿಹಾದ್ ಆಗಿನ್ನೂ ಕಾಲೇಜು, ಬಾಗಿಲಲ್ಲಿ ನಿಂತವನಿಗೆ ನಗು ಬಂತು, ಅಪ್ಪನಿಗೆ ಅರ್ಥವಾಗಲಿಲ್ಲ, ಸಾಯುವವರೆಗೂ ಆಗಲಿಲ್ಲ. ಪರದೆಯ ಮೇಲೂ ಅದೇ, ಒಂದು ಪಟ್ಟಿಯ ಪಕ್ಕ ಉತ್ತರಕ್ಕೆ ಕಾಯುತ್ತಿದೆ ಎಂದಿದೆ, ಅದು ಮೇಸ್ತ್ರಿ, ಎಂಟರ ಪಕ್ಕ ಇಳಿಸಲು ಜಾಗಕ್ಕೆ ಕಾಯುತ್ತಿದೆ ಎಂದಿದೆ, ಅವು ಹೊರುವ ಆಳುಗಳು, ಏಳರ ಪಕ್ಕ ಕೆಲಸಕ್ಕೆ ಕಾಯುತ್ತಿದೆ ಎಂದಿದೆ, ಎಲ್ಲಾ ಬಿಡಿಸಿ ಬರೆದಿದೆ, ಯಾಕೆ ಕಾಯುತ್ತಿವೆ ಎಂದು ಓದಿದರೆ ಯಾರಿಗಾಗಿ ಕಾಯುತ್ತಿವೆ ಎಂದು ತಿಳಿಯುತ್ತದೆ, ಬೆರಳು ಮಾಡುವ ಬದಲು ಓದಬೇಕು ಅಷ್ಟೇ, ಆದರೆ ಡಾಕ್ಟರುಗಳು ಓದುವುದಿಲ್ಲ, ಬಣ್ಣ ನೋಡುತ್ತಾರೆ. ಕೆಂಪಗಿರುವವನು ರೋಗಿಯಲ್ಲ, ರೋಗಿಯ ಕೋಣೆಯ ಹೊರಗೆ ಕೂತವನು. ಈ ಮಾತನ್ನು ಮುದೀರ್ ಸಾಹೇಬರ ಮುಂದೆ ಹೇಳಬೇಕೆಂದು ಬೆಳಿಗ್ಗೆಯೇ ಆರಿಸಿಟ್ಟುಕೊಂಡಿದ್ದಾನೆ.

ಇಷ್ಟಕ್ಕೂ ಆ ಹಸಿರಿನವನ ಮುಂದೆ ಗುಡ್ಡ ಬಿದ್ದದ್ದು ಹೇಗೆ, ಅದೇ ಎಲ್ಲಕ್ಕಿಂತ ರುಚಿ, ಹೋದ ತಿಂಗಳು ಇದೇ ಕೋಣೆಯಲ್ಲಿ ಇದೇ ಶಾದಿ ಶರಟಿನ ತೋಳು ಮಡಿಸಿಕೊಂಡು ಬಿಳಿ ಹಲಗೆಯ ಮೇಲೆ ಬರೆದ, ಇನ್ಮೇಲೆ ಜನರನ್ನ ಹುಟ್ಟಿದ ದಿನದ ಪ್ರಕಾರ ಹಂಚೋಣ, ವರ್ಷ ಬೇಡ, ತಾರೀಖು ಸಾಕು, ಜನ ಎಲ್ಲಾ ದಿನಾನೂ ಹುಟ್ತಾರೆ, ಎಲ್ರಿಗೂ ಸಮನಾಗಿ ಕೆಲಸ ಬೀಳತ್ತೆ, ಅಂದ, ವಿಸಾಮ್ ಗೋಣು ಆಡಿಸಿದ, ವಾಹ್ ಡಾಕ್ಟರ್ ಅಂದ, ವಿಸಾಮನ ಅಪ್ಪನ ಗುರುತಿನ ಕಾರ್ಡಿನಲ್ಲೇ ಜುಲೈ ಒಂದು ಅಂತಿದೆ, ಅವನ ಅಜ್ಜಿಯದೂ ಜುಲೈ ಒಂದು, ನಿಹಾದನ ಅಪ್ಪನದು ಜುಲೈ ಒಂದು, ಅಮ್ಮನದೂ ಜುಲೈ ಒಂದು, ಮೂಲೆ ಅಂಗಡಿಯ ಅಬು ಸತ್ತಾರನದು, ಇವತ್ತು ಮನೆಗೆ ಬಂದಿರುವ ಹಾಜಿ ಷನ್ಶಲರದು, ಆ ಕಾಲದಲ್ಲಿ ಹಳ್ಳಿಯಲ್ಲಿ ಹುಟ್ಟಿದವರ ತಾರೀಖು ಯಾರು ಬರೆದಿಟ್ಟರು, ಜನಗಣತಿಯವನು ಬಂದ, ಯಾವಾಗ ಹುಟ್ಟಿದೆ ಅಂದ, ಪ್ರವಾಹ ಬಂದ ವರ್ಷ ಅಂದರು, ಕುರಿಗಳೆಲ್ಲಾ ಸತ್ತ ವರ್ಷ ಅಂದರು, ಸರಿ ಎಂದು ವರ್ಷ ಬರೆದು, ತಿಂಗಳು ದಿನ ಗೊತ್ತಿಲ್ಲದವರಿಗೆಲ್ಲಾ ವರ್ಷದ ನಡುಮಧ್ಯದ ಜುಲೈ ಒಂದನ್ನು ಅಂಟಿಸಿ ಹೋದ, ಈ ದೇಶದಲ್ಲಿ ಅರ್ಧಕ್ಕರ್ಧ ಮುದುಕರು ಒಂದೇ ದಿನ ಹುಟ್ಟಿದವರು, ಪ್ರತಿ ಜುಲೈ ಒಂದರಂದು ಅದೇ ಹಳಸಲು ತಮಾಷೆ, ಇವತ್ತು ನಿಮ್ಮದೂ ನಮ್ಮದೂ ಹುಟ್ಟುಹಬ್ಬ ಹಾಜಿ, ಮೊಂಬತ್ತಿ ಹಚ್ಚೋಣವಾ, ಮಕ್ಕಳಿಗೂ ಗೊತ್ತಿದೆ ಇದು. ಬೈರೂತಿನ ಡಾಕ್ಟರಿಗೆ ಗೊತ್ತಿಲ್ಲ, ಸರಿ, ಗೊತ್ತಿಲ್ಲದ್ದಕ್ಕೆ ಕ್ಷಮಿಸೋಣ, ಆದರೆ ವಿಸಾಮ್, ಹುಟ್ಟಿದಾಗಿನಿಂದ ಈ ಊರಿನ ನೀರು ಕುಡಿದವನು, ಅವನಿಗೂ ಹೊಳೆಯಲಿಲ್ಲ, ಡಾಕ್ಟರ್ ಎಂದ ಕೂಡಲೇ ಸ್ವಂತ ಅಪ್ಪನ ಹುಟ್ಟುಹಬ್ಬ ಮರೆಯುವ ಜನ — ಉಸ್ತಾದ್ ನಿಹಾದ್, ನಿಮ್ದೇನಾದ್ರೂ ಅಭಿಪ್ರಾಯ ಇದ್ಯಾ ಎಂದು ಶಾದಿ ಅವತ್ತು ಕೇಳಿದ್ದ, ಕೇಳುವ ಮುಂಚೆ ಹಳೇ ಕಾಲದವರನ್ನೂ ಒಂದ್ಮಾತು ಕೇಳ್ಬೇಕಲ್ವಾ ಎಂದು ವಿಸಾಮನ ಕಡೆ ನೋಡಿ ನಕ್ಕಿದ್ದ, ಹಳೇ ಕಾಲದವರು, ನಿಹಾದ್ ಏನೂ ಇಲ್ಲ ಡಾಕ್ಟರ್, ಭೇಷಾಗಿದೆ ಎಂದ. ಬಾಯಿ ಮುಚ್ಚಿಕೊಂಡು ಮನೆಗೆ ಹೋದ, ದಾರಿಯುದ್ದಕ್ಕೂ ಬಾಯಲ್ಲಿ ಸಕ್ಕರೆ ಇಟ್ಟುಕೊಂಡವನ ಹಾಗೆ.

ಮತ್ತೆ ಮಾಹಿರ್, ಈ ಸಲ ಪಿಸುದನಿ, ಅಡುಗೆಮನೆಯಿಂದ ಇರಬೇಕು, ಪಾತ್ರೆಯ ಸದ್ದು — ಅಣ್ಣ, ಕಾಫಿ ಕೊಟ್ಟಾಯ್ತು, ಹಾಜಿ ಬಟ್ಟಲು ತಗೊಂಡು ಮೇಜಿನ ಮೇಲಿಟ್ರು, ಮುಟ್ತಿಲ್ಲ, ನಿನ್ನ ಮಾತಿಗೆ ಕಾಯ್ತಿದಾರೆ, ಎಲ್ರೂ ಬಟ್ಟಲನ್ನೇ ನೋಡ್ಕೊಂಡು ಕೂತಿದಾರೆ — ಇದ್ದದ್ದೇ, ಪದ್ಧತಿ ಅದೇ, ಕೇಳಲು ಬಂದವರ ಹಿರಿಯ ಕಾಫಿಯ ಬಟ್ಟಲನ್ನು ಮುಂದಿಟ್ಟುಕೊಂಡು ಕೂರುತ್ತಾನೆ, ಕೊಡಬೇಕಾದವನು ಕುಡಿಯಿರಿ ಹಾಜಿ, ನೀವು ಕೇಳಿದ್ದು ನಿಮ್ಮದೇ ಎನ್ನುತ್ತಾನೆ, ಆಮೇಲೆ ಕುಡಿಯುತ್ತಾನೆ, ಆಮೇಲೆ ಹೆಂಗಸರು ಒಳಗಿನಿಂದ ಸಂತೋಷದ ಕೂಗೆಬ್ಬಿಸುತ್ತಾರೆ, ಹಿಡಿಯಿಲ್ಲದ ಪುಟ್ಟ ಬಟ್ಟಲು, ತಳದಲ್ಲಿ ಒಂದು ಗುಟುಕು, ತುಂಬ ಸುರಿದರೆ ಅವಮಾನ ಎಂದು ಅಷ್ಟೇ ಸುರಿಯುವುದು — ದೂರ ಆದ್ರೆ ಬಿಡು, ಫೋನಲ್ಲೇ ಒಂದ್ ಮಾತ್ ಹೇಳ್ಬಿಡು ಅಣ್ಣ, ಸ್ಪೀಕರ್ ಹಾಕ್ತೀನಿ, ಕುಡೀರಿ ಅನ್ನು ಸಾಕು, ಎಂದ ಮಾಹಿರ್, ನಿಹಾದನಿಗೆ ಮೈ ಉರಿಯಿತು, ಫೋನಲ್ಲಿ ಹೆಣ್ಣು ಕೊಡೋದಾ, ಅವಳೇನು ಗ್ಯಾಸ್ ಸಿಲಿಂಡರಾ, ಒಂದು ಕಳಿಸಿ ಅಂತ ಫೋನ್ ಮಾಡೋದಕ್ಕೆ, ಎಂದ, ಮಾಹಿರ್ ನಗಲಿಲ್ಲ, ಬರ್ತೀಯಲ್ಲಾ ಅಣ್ಣ, ಎಂದ, ಬರ್ತೀನಿ ಅಂದ್ನಲ್ಲಾ, ಇವನೊಬ್ಬ. ಪರದೆಯ ಬಳಿ ವಿಸಾಮ್ ತಿರುಗಿ ನೋಡಿದ, ಮನೇಲೇನಾದ್ರೂ ಕೆಲಸ ಇದೆಯಾ ಅಬು ದೀಮಾ, ಹೋಗೋದಾದ್ರೆ ಹೋಗಿ, ಡಾಕ್ಟರ್ ನೋಡ್ಕೋತಾರೆ, ಎಂದ, ಮಗಳ ಹೆಸರು ಹಿಡಿದು ಅಬು ದೀಮಾ ಎಂದು ಕರೆಯುವಷ್ಟು ಸಲಿಗೆ ಬೆಳೆದಿದೆ ಇವನಿಗೆ, ಡಾಕ್ಟರ್ ನೋಡ್ಕೋತಾರಂತೆ, ನೋಡಿಕೊಂಡದ್ದು ಕಾಣುತ್ತಿದೆಯಲ್ಲ ಗೋಡೆಯಷ್ಟಗಲಕ್ಕೆ — ಏನಿಲ್ಲ ಉಸ್ತಾದ್, ಮುದೀರ್ ಸಾಹೇಬರು ಬರ್ಲಿ, ಇರ್ತೀನಿ, ಎಂದ ನಿಹಾದ್.

ಕೂಲಿಗಳ ಸಂಖ್ಯೆ ಎರಡರಷ್ಟು ಮಾಡೋಣ, ಎಂದು ಶಾದಿ ಕೀಲಿಮಣೆಯ ಮೇಲೆ ಬೆರಳು ಕುಣಿಸಿದ, ಓಡುತ್ತಿದ್ದದ್ದನ್ನು ಕೊಂದು ಮತ್ತೆ ಮೊದಲಿಂದ ಬಿಟ್ಟ, ಒಂದು ಗಳಿಗೆ ಎಲ್ಲಾ ಹಸಿರು, ವಿಸಾಮನ ಮುಖದಲ್ಲಿ ಈದ್ ಹಬ್ಬ, ಆಮೇಲೆ ಒಂದೊಂದೇ ಕೆಂಪಾದವು, ಮೊದಲಿಗಿಂತ ಎರಡರಷ್ಟು ಕೆಂಪು, ಕಾಯುವವರನ್ನು ದುಪ್ಪಟ್ಟು ಮಾಡಿದ್ದಾನೆ ಮಹಾನುಭಾವ, ಗುಡ್ಡ ಬಿದ್ದದ್ದು ಒಬ್ಬನ ಮುಂದೆಯೇ, ಜುಲೈ ಒಂದರ ಮುದುಕರೆಲ್ಲಾ ಮತ್ತೆ ಅದೇ ಒಬ್ಬನ ಬಾಗಿಲಿಗೆ, ಆ ತೆಳ್ಳನೆಯ ಹಸಿರು ಮಾತ್ರ ತಲೆ ಎತ್ತದೆ ದುಡಿಯುತ್ತಿದೆ, ದುಡಿಯಲಿ. ಕಾಯುವವರನ್ನು ಕಂಡರೆ ನಿಹಾದನಿಗೆ ಆಗುವುದೇ ಇಲ್ಲ, ಸುಳ್ಳೇಕೆ, ಅವನು ಯಾವತ್ತೂ ಕಾದವನಲ್ಲ, ಓದು, ಕೆಲಸ, ಮದುವೆ, ಮನೆಯ ಮೇಲೆ ಇನ್ನೊಂದು ಮಾಳಿಗೆ, ಎಲ್ಲಾ ಒಂದರ ಹಿಂದೊಂದು, ಬಾಂಬು ಬೀಳುತ್ತಿದ್ದ ದಿನಗಳಲ್ಲೂ ಒಂದು ದಿನ ಕೂತವನಲ್ಲ, ಮನೆಯಲ್ಲಿ ಕೂತದ್ದು ಹಿಯಾಮ್, ಕಿಟಕಿಯ ಬಳಿ ಶಾಲೆಯ ಮಕ್ಕಳ ಭೂಗೋಳದ ಪರೀಕ್ಷೆಯ ಕಾಗದ ತಿದ್ದುತ್ತಾ, ಇಷ್ಟು ವರ್ಷ ಏನು ಮಾಡಿದಳು ಎಂದರೆ ಕೂತಿದ್ದಳು, ಅಮ್ಮನ ಮಾತ್ರೆ, ಅಮ್ಮನ ಸ್ನಾನ, ಅಮ್ಮನ ಮಂಚದ ಪಕ್ಕ, ಮಾತಾಡು ಎಂದರೆ ನಗುತ್ತಾಳೆ, ನಿನಗೇನು ಬೇಕು ಎಂದರೆ ನಿನಗೆ ಬಿಡುವಾದಾಗ ಹೇಳ್ತೀನಿ ಅಣ್ಣ ಎನ್ನುತ್ತಾಳೆ, ಮದುವೆ ಆಗದವಳಿಗೆ ಇಷ್ಟು ನಿಧಾನವಿರಬಾರದು ಎಂದು ಇವನೇ ಹೆಂಡತಿಯ ಮುಂದೆ ಎಷ್ಟು ಸಲ ಅಂದಿಲ್ಲ — ಮೊದಲು ಅವಳನ್ನು ಕೇಳಿ ಬಂದವನು ಫೋಟೊ ಸ್ಟುಡಿಯೋದವನು, ನೋಡಿ ಹೇಳ್ತೀನಿ ಎಂದ ನಿಹಾದ್, ಆಗ ಹೊಸ ಡೇಟಾಬೇಸ್ ಬಂದಿತ್ತು, ಉಸಿರಾಡಲು ಬಿಡುವಿರಲಿಲ್ಲ, ನೋಡುವುದರೊಳಗೆ ಅವನು ಬೇರೆ ಕಡೆ ಮದುವೆ ಆದ, ಹೋದರೆ ಹೋಗಲಿ, ಮಕ್ಕಳನ್ನು ನಗಿಸಿ ಫೋಟೊ ತೆಗೆಯುವ ಗಂಡಸು, ಎರಡನೆಯವನು ಮಾತಾಡುವಾಗ ಸ ಎಂಬಲ್ಲಿ ತ ಎನ್ನುತ್ತಿದ್ದ, ಅವನಿಗೂ ನೋಡಿ ಹೇಳ್ತೀನಿ, ಅವನು ಒಂದು ವರ್ಷ ಕಾದು ಊರು ಬಿಟ್ಟು ಎರಬೀಲಿಗೆ ಹೋದ, ಈ ಫಾಲಿಹ್ ಮೂರನೆಯವನು, ಕರೆಂಟು ಹೋದಾಗಲೆಲ್ಲಾ ಬೀದಿಯಲ್ಲಿ ಮೊದಲು ನಮ್ಮ ಮನೆಗೇ ದೀಪ ಬರುತ್ತೆ, ನೋಡಿದೀಯಾ ಅಣ್ಣ, ಎಂದಿದ್ದಳು ಹಿಯಾಮ್ ಒಂದು ಸಂಜೆ, ಪಾತ್ರೆ ತೊಳೆಯುತ್ತಾ, ಬೆನ್ನು ಈ ಕಡೆಗಿತ್ತು, ಕಿವಿ ಕೆಂಪಾಗಿತ್ತು, ಇವನು ಲ್ಯಾಪ್‌ಟಾಪಿನ ಪರದೆಯಿಂದ ತಲೆ ಎತ್ತದೆ ಹೂಂ ಎಂದಿದ್ದ. ಆ ಬಟ್ಟಲು ಈಗ ತಣ್ಣಗಾಗಿರಬೇಕು. ಇನ್ನೊಂದು ಹಾಕಿದರಾಯಿತು, ಮನೆಯಲ್ಲಿ ಕಾಫಿಗೇನು ಬರ. ಫೋನು ಮತ್ತೆ ನಡುಗಿತು, ಮಾಹಿರ್, ನಡುಗಿ ನಡುಗಿ ನಿಂತಿತು, ಮತ್ತೆ ನಡುಗಿತು, ನಿಹಾದ್ ಅದನ್ನು ಮೇಜಿನ ಮೇಲೆ ಮುಖ ಕೆಳಗೆ ಮಾಡಿ ಇಟ್ಟ.

ಬಂದರು ಮುದೀರ್ ಸಾಹೇಬರು, ಕೊನೆಗೂ, ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಾ, ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿದೆ, ಲಿಫ್ಟು ಬೇರೆ ಕೆಟ್ಟಿದೆಯಂತೆ, ವಿಸಾಮ್ ಕುರ್ಚಿ ಎಳೆದ, ನೀರು ತರಿಸಿದ, ಆ ಗೋಣು ಇವತ್ತು ಎರಡು ಪಾಳಿ ದುಡಿಯುತ್ತಿದೆ — ಏನಾಗಿದೆ ಹೇಳ್ರಪ್ಪ, ದವಾಖಾನೆಗಳಲ್ಲಿ ಜನ ಬೆಳಿಗ್ಗೆಯಿಂದ ಕೂತಿದಾರೆ, ಸಕ್ಕರೆ ಕಾಯಿಲೆಯವರು, ಹೃದಯದ ಕಾಯಿಲೆಯವರು, ಎಂದರು ಸಾಹೇಬರು, ಶಾದಿ ಬೆರಳೆತ್ತಿ ಕೆಂಪು ತೋರಿಸತೊಡಗಿದ, ನಿಹಾದ್ ಎದ್ದು ನಿಂತ, ಬೆಳಿಗ್ಗೆಯಿಂದ ಇದೇ ಮೊದಲು ಎದ್ದದ್ದು, ಮೊಣಕಾಲು ಮರಗಟ್ಟಿತ್ತು, ಪರದೆಯ ಹತ್ತಿರ ಹೋಗಿ ಶಾದಿಯ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ, ಎಷ್ಟು ಚೆನ್ನಾಗಿತ್ತು ಆ ಗಳಿಗೆ — ಕೆಂಪನ್ನ ಬಿಡಿ ಸಾಹೇಬ್ರೆ, ಎಂದ, ಕೆಂಪಗಿರೋರು ತಪ್ಪು ಮಾಡಿದವರಲ್ಲ, ಪಾಪ ಬಾಗಿಲಲ್ಲಿ ಕೂತವರು, ಕಾಯೋದು ಅವರ ಕಾಯಿಲೆ ಅಲ್ಲ, ಬೇರೆ ಯಾರದೋ ಕಾಯಿಲೆ ಅವರ ಮೇಲೆ ಕಾಣ್ತಿದೆ, ಇಲ್ಲಿ ನೋಡಿ, ಈ ಒಬ್ಬನನ್ನ, ಇವನು ಕಾಯ್ತಿಲ್ಲ, ಇಡೀ ದಿನ ಒಂದು ಗಳಿಗೆನೂ ಕಾದಿಲ್ಲ, ತನ್ನ ಕೆಲಸದಲ್ಲೇ ಮುಳುಗಿದಾನೆ, ಯಾರೂ ಇವನನ್ನ ಬೈಯಲ್ಲ, ಆದ್ರೆ ಎಲ್ರೂ ನಿಂತಿರೋದು ಇವನೊಬ್ಬನಿಗೋಸ್ಕರ, ಯಾವನು ಕಾಯೋದಿಲ್ವೋ ಅವನನ್ನ ಹಿಡೀಬೇಕು ಸಾಹೇಬ್ರೆ, ಎಂದ, ಅನ್ನುವಾಗ ನಾಲಗೆಯಲ್ಲಿ ಏನೋ ಎಡವಿದಂತಾಯಿತು, ಯಾಕೆಂದು ತಿಳಿಯಲಿಲ್ಲ, ಮುಂದುವರಿಸಿದ, ಜುಲೈ ಒಂದು ಎಂದ, ಎಲ್ಲಾ ಹೇಳಿದ, ಮುಗಿಸಿ ಶಾದಿಯ ಮುಖ ನೋಡಿದ, ತಿಂಗಳಿಡೀ ಕೂಡಿಟ್ಟ ಸಕ್ಕರೆ — ಶಾದಿಯ ಕಣ್ಣು ಅರಳಿದೆ, ಜುಲೈ ಒಂದಾ, ಎಲ್ರೂನಾ, ಅಯ್ಯೋ ದೇವ್ರೇ, ನಮ್ಮ ಕಡೆ ಹೀಗಿಲ್ಲ ಉಸ್ತಾದ್, ನಂಗೆ ಗೊತ್ತೇ ಇರ್ಲಿಲ್ಲ, ನೀವಿದ್ದದ್ದು ಒಳ್ಳೇದಾಯ್ತು, ಎಂದು ಅವನ ಕೈ ಹಿಡಿದು ಕುಲುಕಿದ, ನಾಚಿಕೆಯೂ ಇಲ್ಲ, ಸಿಟ್ಟೂ ಇಲ್ಲ, ಕೂತು ಹಂಚುವುದಕ್ಕೆ ಹುಟ್ಟಿದ ದಿನ ತೆಗೆದು ಒಬ್ಬೊಬ್ಬರಿಗೂ ಬೇರೆಬೇರೆ ಇರುವ ಕಾರ್ಡಿನ ಸಂಖ್ಯೆ ಹಾಕಿದ, ಅಷ್ಟೇ, ಅಷ್ಟೇ ಇದ್ದದ್ದು, ಪಟ್ಟಿಗಳೆಲ್ಲಾ ಒಟ್ಟಿಗೆ ಹಸಿರಾದವು, ಒಟ್ಟಿಗೆ ಕಿರಿದಾದವು, ಮಾಯವಾದವು, ಮುದೀರ್ ಸಾಹೇಬರು ನೀರಿನ ಲೋಟ ಇನ್ನೂ ಕೆಳಗಿಟ್ಟಿರಲಿಲ್ಲ. ಶಹಬ್ಬಾಸ್, ಎಂದರು ಸಾಹೇಬರು, ಇದು ನಿಮಗೆ ಯಾವಾಗ ಗೊತ್ತಾಯ್ತು ಉಸ್ತಾದ್, ಬೆಳಿಗ್ಗೆನೇ ಗೊತ್ತಿತ್ತು ಸಾಹೇಬ್ರೆ, ನೋಡಿದ ಕೂಡಲೇ, ಎಂದ ನಿಹಾದ್ ಎದೆಯುಬ್ಬಿಸಿ, ಬೆಳಿಗ್ಗೆನಾ, ಎಂದರು ಅವರು, ಕೋಪವಿರಲಿಲ್ಲ, ನಿಜವಾಗಿ ಅರ್ಥವಾಗದೆ ಕೇಳಿದರು, ಮತ್ತೆ ಇಷ್ಟೊತ್ತು ಏನ್ಮಾಡ್ತಿದ್ರಿ?

ಏನು ಮಾಡುತ್ತಿದ್ದ, ಏನು ಮಾಡುತ್ತಿದ್ದ ಎಂದರೆ, ಮೇಜಿನ ಮೇಲೆ ಫೋನು ನಡುಗಿತು, ಮುಖ ಕೆಳಗಾಗಿ ನಡುಗುತ್ತಾ ಅಂಚಿನ ಕಡೆ ಸರಿಯಿತು, ಮಾಹಿರ್ ಎಂದುಕೊಂಡು ತಿರುಗಿಸಿದರೆ ಹಿಯಾಮ್, ಅವಳು ಯಾವತ್ತೂ ಕಚೇರಿಗೆ ಫೋನು ಮಾಡಿದವಳಲ್ಲ, ಅಮ್ಮ ತೀರಿಕೊಂಡ ದಿನವೂ ಮಾಹಿರನ ಕೈಲೇ ಮಾಡಿಸಿದ್ದಳು — ಅಣ್ಣ, ನಾನು ಹಿಯಾಮ್, ಎಂದಳು, ಅವನಿಗೆ ಅವಳ ಧ್ವನಿ ಗೊತ್ತಾಗದೇನೋ ಎಂಬಂತೆ, ಅವರು ಎದ್ದು ಹೋದ್ರು, ಹಾಜಿ ಏನೂ ಅನ್ಲಿಲ್ಲ, ಅಸರ್ ನಮಾಜಿನ ಹೊತ್ತಾಯ್ತು ಅಂತ ಎದ್ರು, ಎಲ್ರೂ ಎದ್ರು, ಫಾಲಿಹ್ ಬಾಗಿಲಲ್ಲಿ ಒಂದ್ಸಲ ನಿಂತ್ರು, ಆಮೇಲೆ ಅವರೂ ಹೋದ್ರು, ಮಾಹಿರ್ ಅಳ್ತಿದಾನೆ, ನೀನು ಬಂದ ಮೇಲೆ ಅವನನ್ನ ಬೈಬೇಡ, ಎಂದಳು, ನಿಹಾದ್ ಬಾಯಿ ತೆರೆದ, ಹೊರಟೆ ಎನ್ನಲು, ಸೇತುವೆ ಎನ್ನಲು, ಅವಳೇ ಮುಂದುವರಿಸಿದಳು, ನೀನು ಕೆಲಸ ಮುಗಿಸ್ಕೊಂಡೇ ಬಾ ಅಣ್ಣ, ಅವಸರ ಏನಿಲ್ಲ, ಎಂದು ಇಟ್ಟುಬಿಟ್ಟಳು. ಅವಸರ ಏನಿಲ್ಲ. ನಾಳೆ ಹೋಗಬೇಕು, ಇವತ್ತೇ ಹೋಗಬೇಕು, ಹಾಜಿಯ ಮನೆಗೆ, ಕಾಲಿಗೆ ಬೀಳಬೇಕು, ಏನು ಹೇಳುವುದು, ಕಂಪ್ಯೂಟರ್ ಕೆಟ್ಟಿತ್ತು ಎನ್ನುವುದೇ, ಕುಡಿಯದೆ ಎದ್ದುಹೋದ ಹಿರಿಯ ಅದೇ ಹೊಸ್ತಿಲಿಗೆ ಮತ್ತೆ ಬರುತ್ತಾನೇನು, ಇಡೀ ಬೀದಿ ನೋಡಿದೆ, ಕುರ್ಚಿ ಕೊಟ್ಟ ಪಕ್ಕದ ಮನೆಯವರು ನೋಡಿದ್ದಾರೆ, ಕುರ್ಚಿ ವಾಪಸು ಹೋಗುತ್ತಿರಬೇಕು ಈಗ, ಇನ್ನು ಕರೆಂಟು ಹೋದರೆ — ಫೋಟೊದವನು, ಎರಬೀಲಿಗೆ ಹೋದವನು, ಬಾಗಿಲಲ್ಲಿ ಒಂದ್ಸಲ ನಿಂತವನು, ಅವರ ಹಿಂದೆಯೆಲ್ಲಾ ಕಿಟಕಿಯ ಬಳಿ ಅವಳು, ತಂಗಿಯನ್ನು ಕಾಯಬೇಕಾದವನು ಇವನು, ಕಾದವಳು ಅವಳು, ಸುಮ್ಮನೆ ಕೂತಿದ್ದಾಳೆ, ನಿಧಾನದವಳು, ನಿನಗೆ ಬಿಡುವಾದಾಗ ಹೇಳ್ತೀನಿ ಅಣ್ಣ, ಯಾರಿಗಾಗಿ ಕೂತಿದ್ದಳು ಎಂದು ಯಾರೂ ಓದಲಿಲ್ಲ, ಅವನು ಓದಲಿಲ್ಲ, ಬಿಡಿಸಿ ಬರೆದಿತ್ತು — ಉಸ್ತಾದ್ ನಿಹಾದ್, ಮುದೀರ್ ಸಾಹೇಬರು ಏನೋ ಕೇಳ್ತಿದಾರೆ, ಎಂದು ವಿಸಾಮ್ ಹೇಳುತ್ತಿದ್ದಾನೆ, ಪರದೆ ಖಾಲಿಯಾಗಿ ಬೆಳ್ಳಗಿದೆ, ನೊಣವೂ ಇಲ್ಲ, ಈಗ ಅವಳು ಪಾತ್ರೆ ಎತ್ತುತ್ತಿರಬೇಕು, ತಟ್ಟೆ, ಲೋಟ, ಯಾರೂ ಮುಟ್ಟದ ಖರ್ಜೂರದ ಕ್ಲೇಚಾ ಬಿಸ್ಕತ್ತು, ಎಲ್ಲವನ್ನೂ ಎತ್ತಿ ಅದೊಂದನ್ನು ಎತ್ತಲಾರದೆ ನಿಂತಿರಬೇಕು, ಹಾಜಿ ಕೂತಿದ್ದ ಕುರ್ಚಿಯ ಮುಂದೆ, ಮೇಜಿನ ಮೇಲೆ, ಪುಟ್ಟ ಬಟ್ಟಲು, ತಳದಲ್ಲಿ ಒಂದು ಗುಟುಕು, ಕುಡಿಯಿರಿ ಎಂದಿದ್ದರೆ ಆಗುತ್ತಿತ್ತು, ಒಂದು ಗುಟುಕು, ಒಂದೇ ಒಂದು, ತಣ್ಣಗೆ, ಬಟ್ಟಲಿನ ತಳದಲ್ಲಿ —